ವಾಲ್ಯೂಮ್ ಏರಿಸಿದಾಗ ಮಾತ್ರ ಸರಿಯಾಗುವ ಎಡಗಡೆಯ ಸ್ಪೀಕರ್

ಪ್ರಶ್ನೆ: ತಂದೆಯವರು 1981ರಲ್ಲಿ ದುಬೈಯಿಂದ ತಂದ ಜಪಾನಿನ ಸ್ಟೀರಿಯೊ ರಿಸೀವರ್ ನಮ್ಮ ಮನೆಯಲ್ಲಿದೆ. ಕೆಲವು ತಿಂಗಳಿಂದ ಎಡಗಡೆಯ ಸ್ಪೀಕರಿನಲ್ಲಿ ಧ್ವನಿ ಕ್ಷೀಣವಾಗಿ, ಒಡೆದಂತೆ ಬರುತ್ತಿದೆ. ಒಮ್ಮೊಮ್ಮೆ ನಿಂತೇ ಹೋಗುತ್ತದೆ. ವಾಲ್ಯೂಮ್ ಜೋರು ಮಾಡಿದರೆ ಥಟ್ಟನೆ ಸರಿಯಾಗಿ, ಆಮೇಲೆ ಕಡಿಮೆ ಮಾಡಿದರೂ ಸ್ವಲ್ಪ ಹೊತ್ತು ಚೆನ್ನಾಗಿರುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಬದಲಿಸಬಹುದೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಸದ್ಯಕ್ಕೆ ಬೇಡ. ಸ್ಪೀಕರ್‌ಗಳಿಗೆ ಶಕ್ತಿ ಒದಗಿಸುವ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ. ಆಗ ಫ್ಯೂಸ್ ಹೋಗುತ್ತದೆ, ಇಲ್ಲವೇ ರಕ್ಷಣಾ ಸರ್ಕ್ಯೂಟ್ ಎರಡೂ ಸ್ಪೀಕರ್‌ಗಳನ್ನು ಕಡಿದುಹಾಕುತ್ತದೆ. ಧ್ವನಿ ಹೀಗೆ ಹೋಗಿ ಬಂದು ಮಾಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಲೋಹಕ್ಕೆ ಲೋಹ ತಾಗುವ ಜಾಗಗಳನ್ನು. ಕರಾವಳಿಯ ಉಪ್ಪುಗಾಳಿಯಲ್ಲಿ ನಲವತ್ತು ವರ್ಷ ಕಳೆದ ಯಂತ್ರದಲ್ಲಿ ಅಂಥ ಜಾಗಗಳಿಗೆ ಕಿಲುಬು ಹಿಡಿಯದಿದ್ದರೇ ಆಶ್ಚರ್ಯ.

ಮೊದಲು ದೋಷ ರಿಸೀವರಿನದೇ ಎಂದು ಖಚಿತಪಡಿಸಿಕೊಳ್ಳಿ. ಪವರ್ ಆರಿಸಿ, ಹಿಂಬದಿಯಲ್ಲಿ ಎಡ ಮತ್ತು ಬಲ ಸ್ಪೀಕರ್‌ಗಳ ವೈರುಗಳನ್ನು ಅದಲುಬದಲು ಮಾಡಿ. ಈಗ ಬಲಗಡೆಯ ಸ್ಪೀಕರ್ ಮೌನವಾದರೆ ಸ್ಪೀಕರ್‌ಗಳು ನಿರಪರಾಧಿಗಳು; ಎಡಗಡೆಯದೇ ಮತ್ತೆ ಮೌನವಾದರೆ ತಪ್ಪು ಆ ಸ್ಪೀಕರಿನದು ಅಥವಾ ಅದರ ವೈರಿನದು. ನಂತರ ಎಫ್‌ಎಂ ಹಾಕಿ ಕೇಳಿ. ಅದರಲ್ಲಿ ಎರಡೂ ಕಡೆ ಸರಿಯಿದ್ದು ಕ್ಯಾಸೆಟ್ ಡೆಕ್ಕಿನಲ್ಲಿ ಮಾತ್ರ ತೊಂದರೆಯಿದ್ದರೆ, ಡೆಕ್ಕನ್ನು, ಅದರ ಕೇಬಲನ್ನು ಮತ್ತು ಇನ್‌ಪುಟ್ ಆರಿಸುವ ಸ್ವಿಚ್ಚನ್ನು ನೋಡಿದರೆ ಸಾಕು.

ಎಲ್ಲದರಲ್ಲೂ ಎಡಗಡೆಯೇ ಕೈಕೊಡುತ್ತಿದ್ದರೆ ನನ್ನ ಅನುಮಾನ ಸ್ಪೀಕರ್ ರಿಲೇಯ ಮೇಲೆ. ರಿಸೀವರ್ ಆನ್ ಮಾಡಿದ ಕೆಲವು ಸೆಕೆಂಡುಗಳ ಬಳಿಕ ಒಳಗಿನಿಂದ ‘ಟಕ್’ ಎಂದು ಕೇಳಿಸುತ್ತದಲ್ಲ, ಅದೇ ಈ ರಿಲೇ, ಸ್ಪೀಕರ್‌ಗಳನ್ನು ತಾನಾಗಿ ಜೋಡಿಸುವ, ಬಿಡಿಸುವ ಸ್ವಿಚ್; ಅದರೊಳಗೆ ಎಡ, ಬಲ ಪ್ರತಿ ಚಾನೆಲ್ಲಿಗೂ ಒಂದೊಂದು ಸಂಪರ್ಕಬಿಂದುವಿರುತ್ತದೆ. ಆ ಬಿಂದುಗಳ ಮೇಲೆ ಪದರ ಕಟ್ಟಿದರೆ ಮೆಲುಧ್ವನಿಯ ಅಲ್ಪ ವೋಲ್ಟೇಜ್ ಅದನ್ನು ದಾಟಲಾರದು, ವಾಲ್ಯೂಮ್ ಏರಿಸಿದಾಗ ವೋಲ್ಟೇಜ್ ಹೆಚ್ಚಿ ಪದರ ಒಡೆಯುತ್ತದೆ, ಧ್ವನಿ ಮರಳುತ್ತದೆ. ನೀವು ವಿವರಿಸಿರುವುದು ಹೆಚ್ಚುಕಡಿಮೆ ಇದನ್ನೇ. ವಾಲ್ಯೂಮ್ ನಾಬಿನ ದೋಷವಾಗಿದ್ದರೆ ತಿರುಗಿಸುವಾಗ ಕರಕರ ಸದ್ದು ಬರುತ್ತಿತ್ತು.

ಮುಚ್ಚಳ ತೆರೆಯುವ ಮುನ್ನ ಇನ್ನೊಂದು ಪರೀಕ್ಷೆಯಿದೆ. ಪವರ್ ಆರಿಸಿ, ಎರಡು ಜೋಡಿ ಸ್ಪೀಕರ್‌ಗಳಲ್ಲಿ ಬೇಕಾದ್ದನ್ನು ಆಯ್ದುಕೊಳ್ಳುವ ‘ಎ–ಬಿ’ ಸ್ವಿಚ್, ಟೇಪ್ ಡೆಕ್ಕಿನ ಧ್ವನಿ ಕೇಳಲು ಒತ್ತುವ ಟೇಪ್ ಮಾನಿಟರ್ ಸ್ವಿಚ್, ಮೋನೊ–ಸ್ಟೀರಿಯೊ, ಬ್ಯಾಲೆನ್ಸ್ ಎಲ್ಲವನ್ನೂ ಇಪ್ಪತ್ತು ಮೂವತ್ತು ಬಾರಿ ಆಡಿಸಿ. ವರ್ಷಗಟ್ಟಲೆ ಯಾರೂ ಮುಟ್ಟದ ಟೇಪ್ ಮಾನಿಟರ್ ಎಷ್ಟೋ ಬಾರಿ ಇಷ್ಟಕ್ಕೇ ಸರಿಹೋಗುತ್ತದೆ. ಬಳಿಕ ಸ್ಪೀಕರ್‌ಗಳನ್ನು ‘ಬಿ’ ಕಡೆಗೆ ಜೋಡಿಸಿ ಕೇಳಿ. ಅಲ್ಲಿ ದೋಷವಿಲ್ಲದಿದ್ದರೆ ರಿಲೇ ಸರಿಯಿದೆ, ‘ಎ’ ಸ್ವಿಚ್ಚಿಗೆ ಕಿಲುಬು ಹಿಡಿದಿದೆ ಎಂದರ್ಥ. ಅದಕ್ಕೆ ಎಲೆಕ್ಟ್ರಾನಿಕ್ ಸಂಪರ್ಕಗಳಿಗೆಂದೇ ಮಾರುವ ಕ್ಲೀನರ್ ಬೇಕು. ಬಾಗಿಲಿನ ತಿರುಗಣೆಗೆ ಹೊಡೆಯುವ ತುಕ್ಕಿನ ಎಣ್ಣೆಯನ್ನು ದಯವಿಟ್ಟು ಬಳಸಬೇಡಿ.

ರಿಲೇಯದೇ ದೋಷವೆಂದಾದರೆ ಮೆಕ್ಯಾನಿಕ್‌ಗೆ ಅದನ್ನೇ ಬದಲಿಸಲು ಹೇಳಿ. ಹೊಸದರ ಕಾಯಿಲ್ ವೋಲ್ಟೇಜ್, ಅಂದರೆ ರಿಲೇಯನ್ನು ನಡೆಸುವ ಸುರುಳಿಗೆ ಬೇಕಾದ ವೋಲ್ಟೇಜ್ (ಬಹಳಷ್ಟು ರಿಸೀವರ್‌ಗಳಲ್ಲಿ 24 ವೋಲ್ಟ್), ಪಿನ್‌ಗಳ ಜೋಡಣೆ ಮತ್ತು ಸಂಪರ್ಕಗಳ ಸಾಮರ್ಥ್ಯ ಹಳೆಯದಕ್ಕೆ ಹೊಂದಬೇಕು. ಉಪ್ಪುಕಾಗದದಿಂದ ಉಜ್ಜುವವರಿದ್ದಾರೆ, ಅದರಿಂದ ಬಿಂದುವಿನ ಮೇಲಿನ ಬೆಳ್ಳಿಯೇ ಸವೆದು, ಕೆಲವು ತಿಂಗಳಲ್ಲಿ ದೋಷ ಮರಳುತ್ತದೆ. ನೀವೇ ಒಳಗೆ ಕೈಹಾಕುವ ಯೋಚನೆಯಿದ್ದರೆ ಬಿಟ್ಟುಬಿಡಿ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಷ್ಟಾದರೂ ದೋಷ ಹೋಗದಿದ್ದರೆ ಡ್ರೈ ಆಗಿರುವ, ಅಂದರೆ ಸರಿಯಾಗಿ ಕಚ್ಚಿಕೊಳ್ಳದ ಬೆಸುಗೆಗಳನ್ನು ಹುಡುಕಬೇಕು, ಮತ್ತು ಎಡ ಚಾನೆಲ್ಲಿನ ಡಿಸಿ (ಏಕಮುಖ) ವೋಲ್ಟೇಜನ್ನು ಸ್ಪೀಕರ್‌ಗಳನ್ನು ಕಳಚಿ ಅಳೆಯಬೇಕು. ಇದನ್ನು ರಿಲೇಗಿಂತ ಮೊದಲಿನ ಜಾಗದಲ್ಲಿ ಅಳೆಯುವಂತೆ ಮೆಕ್ಯಾನಿಕ್‌ಗೆ ನೆನಪಿಸಿ; ಸಂಪರ್ಕ ಬಿಟ್ಟ ರಿಲೇಯ ಆಚೆ ಮೀಟರ್ ಸೊನ್ನೆಯನ್ನೇ ತೋರಿಸಬಹುದು. 50 ಮಿಲಿವೋಲ್ಟ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಅದು ವೋಲ್ಟ್‌ಗಳಲ್ಲಿದ್ದರೆ ಮಾತ್ರ ಟ್ರಾನ್ಸಿಸ್ಟರ್‌ಗಳ ಮಾತು ಬರುತ್ತದೆ, ಆಗಲೂ ಕಳಚಿದ ಹಳೆಯವನ್ನು ಕೇಳಿ ಪಡೆದುಕೊಳ್ಳಿ. ಆ ಕಾಲದ ಜಪಾನಿ ಟ್ರಾನ್ಸಿಸ್ಟರ್‌ಗಳ ನಂಬರ್ ಅಚ್ಚೊತ್ತಿದ ನಕಲಿ ಮಾಲು ಮಾರುಕಟ್ಟೆಯಲ್ಲಿ ಧಾರಾಳವಾಗಿದೆ.