ಖಾಲಿ ಮಾಡಿಸಿದ ಸೆಪ್ಟಿಕ್ ಟ್ಯಾಂಕ್ ಮತ್ತೆ ತುಂಬಿದೆ ಎಂದು ಗಾಬರಿಯಾಗಬೇಡಿ, ಮೊದಲು ಇದನ್ನು ನೋಡಿ

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿ ಕೆಲವೇ ವಾರವಾಗಿದೆ, ಮುಚ್ಚಳ ತೆಗೆದರೆ ಮತ್ತೆ ತುಂಬಿದೆ, ಕಮೋಡಿನ ನೀರು ನಿಧಾನವಾಗಿ ಇಳಿಯುತ್ತಿದೆ, ಆ್ಯಸಿಡ್ ಹಾಕಲೇ ಅಥವಾ ಬ್ಯಾಕ್ಟೀರಿಯಾ ಪುಡಿ ಹಾಕಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಅದಕ್ಕೆ ಮುಂಚೆ ಒಂದು ಮಾತು: ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತದೆ, ಇರಬೇಕು ಕೂಡ. ನಾಲ್ಕು ಜನರ ಮನೆಯಿಂದ ದಿನಕ್ಕೆ 400 ಲೀಟರ್ ನೀರು ಹೋದರೂ 3,000 ಲೀಟರಿನ ಟ್ಯಾಂಕ್ ಸುಮಾರು ಒಂದು ವಾರದಲ್ಲಿ ಭರ್ತಿಯಾಗುತ್ತದೆ. ಆಮೇಲೆ ಎಷ್ಟು ನೀರು ಒಳಗೆ ಬಂತೋ ಅಷ್ಟೇ ನೀರು ಆ ಕಡೆಯ ಪೈಪಿನಿಂದ ಹೊರಗೆ ಹೋಗುತ್ತಿರುತ್ತದೆ. ಆದ್ದರಿಂದ ತುಂಬಿದೆಯೋ ಇಲ್ಲವೋ ಎಂದು ನೋಡಿದರೆ ಏನೂ ತಿಳಿಯುವುದಿಲ್ಲ. ನೀರಿನ ಮಟ್ಟ ಎಲ್ಲಿದೆ ಎಂಬುದನ್ನು ನೋಡಬೇಕು.

ಹೊರಹೋಗುವ ಪೈಪಿನ ಬಾಯಿಯ ತಳಕ್ಕೆ ಸರಿಯಾಗಿ ನೀರು ನಿಂತಿದ್ದರೆ ಟ್ಯಾಂಕ್ ಸರಿಯಿದೆ; ತೊಂದರೆ ಮನೆ ಮತ್ತು ಟ್ಯಾಂಕಿನ ನಡುವಿನ ಪೈಪಿನಲ್ಲೋ ಟ್ಯಾಂಕಿನ ಒಳಬಾಯಲ್ಲೋ ಇದೆ. ಪೈಪಿನ ಬಾಯಿ ಮುಳುಗುವಷ್ಟು ಮೇಲಕ್ಕೆ ನೀರು ಬಂದಿದ್ದರೆ ಮುಂದಕ್ಕೆ ಹೋಗುವ ದಾರಿಯೇ ಮುಚ್ಚಿದೆ: ಹೊರಗಿನ ಪೈಪು, ಇಲ್ಲವೇ ಇಂಗುಗುಂಡಿ, ಅಂದರೆ ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಂಗುವ ಗುಂಡಿ. ಬಾಯಿಗಿಂತ ಬಹಳ ಕೆಳಗಿದ್ದು, ಎಷ್ಟು ದಿನ ಕಳೆದರೂ ಅಲ್ಲಿಗೇ ಏರದಿದ್ದರೆ ಟ್ಯಾಂಕಿನ ಗೋಡೆಯೋ ತಳವೋ ಸೋರುತ್ತಿದೆ. ಇದನ್ನು ಎಲ್ಲರೂ ಕಡೆಗಣಿಸುತ್ತಾರೆ. ವಾಸನೆಯಿಲ್ಲ, ನೀರು ಸಲೀಸಾಗಿ ಇಳಿಯುತ್ತದೆ, ಮನೆಯವರು ನೆಮ್ಮದಿಯಿಂದ ಇರುತ್ತಾರೆ, ಆದರೆ ಹೊಲಸು ನೀರು ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತಿರುತ್ತದೆ. ಹತ್ತಿರ ಬಾವಿಯೋ ಕೊಳವೆಬಾವಿಯೋ ಇದ್ದರೆ ಇದನ್ನು ಒಂದು ದಿನವೂ ಮುಂದೂಡಬಾರದು.

ನೀವು ಹೇಳಿದ್ದನ್ನು ನೋಡಿದರೆ ನನಗೆ ಅನುಮಾನವಿರುವುದು ಇಂಗುಗುಂಡಿಯ ಮೇಲೆ. ಯಾಕೆಂದು ಹೇಳುತ್ತೇನೆ.

ಟ್ಯಾಂಕ್ ಕೊಳೆಯನ್ನು ಮಾಯ ಮಾಡುವುದಿಲ್ಲ. ನೀರನ್ನು ಕನಿಷ್ಠ ಒಂದೆರಡು ದಿನ ಅಲುಗಾಡದಂತೆ ನಿಲ್ಲಿಸುತ್ತದೆ, ಅಷ್ಟೇ. ಭಾರದ್ದು ತಳಕ್ಕೆ ಕೂತು ಕೆಸರಾಗುತ್ತದೆ, ಎಣ್ಣೆ ಜಿಡ್ಡು ಮೇಲೆ ತೇಲಿ ಕೆನೆಯಂತೆ ಕಟ್ಟುತ್ತದೆ, ನಡುವಿನ ತಿಳಿ ಮಾತ್ರ ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಸರಿನ ಒಂದು ಭಾಗವನ್ನು ಕರಗಿಸುತ್ತವೆ, ಪೂರ್ತಿಯಾಗಿ ಅಲ್ಲ. ಉಳಿದದ್ದು ವರ್ಷವರ್ಷಕ್ಕೂ ಏರುತ್ತಾ ಹೋಗಿ ತಿಳಿಗೆ ಜಾಗವೇ ಇಲ್ಲದಂತಾದಾಗ, ಕೆಸರೂ ಜಿಡ್ಡೂ ಇಂಗುಗುಂಡಿಗೆ ನುಗ್ಗುತ್ತವೆ. ಅಲ್ಲಿ ಮಣ್ಣಿನ ಸಂದುಗಳಲ್ಲಿ ಕಪ್ಪು ಲೋಳೆಯ ಪದರ ಕಟ್ಟಿಕೊಂಡು ನೀರು ಇಂಗುವುದೇ ನಿಲ್ಲುತ್ತದೆ. ಟ್ಯಾಂಕನ್ನು ಅರ್ಧ ದಿನದಲ್ಲಿ ಖಾಲಿ ಮಾಡಿಸಬಹುದು. ಹಾಳಾದ ಮಣ್ಣನ್ನು ಹಾಗೆ ತೊಳೆದುಕೊಳ್ಳಲು ಆಗುವುದಿಲ್ಲ. ಹಲವು ಬಾರಿ ಬೇರೆ ಜಾಗದಲ್ಲಿ ಹೊಸ ಗುಂಡಿಯನ್ನೇ ತೋಡಿಸಬೇಕಾಗುತ್ತದೆ. ಸೆಪ್ಟಿಕ್ ವ್ಯವಸ್ಥೆಯ ಆರೈಕೆ ಎಂದರೆ ಇಂಗುಗುಂಡಿಯನ್ನು ಕಾಯುವುದು ಎಂದೇ ನಾನು ತಿಳಿದಿದ್ದೇನೆ. ಮಿಕ್ಕ ಎಲ್ಲ ನಿಯಮಗಳೂ ಅದರಿಂದಲೇ ಹುಟ್ಟುತ್ತವೆ.

ಈಗ ನಿಮ್ಮ ಆ್ಯಸಿಡ್ ಪ್ರಶ್ನೆ. ಆ್ಯಸಿಡ್, ಕಾಸ್ಟಿಕ್ ಸೋಡಾ, ಬಾಟಲಿಗಟ್ಟಲೆ ಬ್ಲೀಚ್ ಇವು ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಆ್ಯಸಿಡ್ ಸಿಮೆಂಟನ್ನೂ ತಿನ್ನುತ್ತದೆ. ಆ್ಯಸಿಡ್ ಮತ್ತು ಬ್ಲೀಚ್ ಒಂದಕ್ಕೊಂದು ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಬಚ್ಚಲುಮನೆಯಲ್ಲಿ ನಿಂತವರ ಜೀವಕ್ಕೇ ಅಪಾಯ. ಟಾಯ್ಲೆಟ್ ತೊಳೆಯಲು ಸ್ವಲ್ಪ ಕ್ಲೀನರ್ ಬಳಸಿದರೆ ಟ್ಯಾಂಕಿಗೇನೂ ಆಗದು, ಅದಕ್ಕೆ ಹೆದರಬೇಡಿ. ಬ್ಯಾಕ್ಟೀರಿಯಾ ಪುಡಿಯೂ ಅನಗತ್ಯ: ಮಲದಲ್ಲೇ ಬೇಕಾದಷ್ಟು ಬ್ಯಾಕ್ಟೀರಿಯಾಗಳಿವೆ. ಇದನ್ನು ಹಾಕಿದರೆ ಟ್ಯಾಂಕ್ ಖಾಲಿ ಮಾಡಿಸುವುದೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಸರನ್ನು ಕದಡಿ ಮುಂದಕ್ಕೆ ತಳ್ಳುವ ರಾಸಾಯನಿಕಗಳೂ ಇವೆ. ಟ್ಯಾಂಕ್ ಹಗುರಾದಂತೆ ಕಾಣುತ್ತದೆ, ಆದರೆ ಹೋದದ್ದೆಲ್ಲ ಇಂಗುಗುಂಡಿಯ ಮಣ್ಣಿಗೇ.

ಕಮೋಡಿಗೆ ಏನು ಹಾಕಬಹುದು ಎಂಬುದಕ್ಕೆ ಉತ್ತರ ಚಿಕ್ಕದು: ಮಲ, ಮೂತ್ರ, ನೀರು, ನೀರಿನಲ್ಲಿ ಬಿಡಿಬಿಡಿಯಾಗುವ ಟಾಯ್ಲೆಟ್ ಪೇಪರ್. ಸ್ಯಾನಿಟರಿ ಪ್ಯಾಡ್, ಡೈಪರ್, ಹತ್ತಿ, ಕೂದಲು, ಕಾಂಡೋಮ್, ಸಿಗರೇಟ್ ತುಂಡು ಯಾವುದೂ ಬೇಡ. ‘ಫ್ಲಶ್ ಮಾಡಬಹುದು’ ಎಂದು ಪ್ಯಾಕೆಟ್ ಮೇಲೆ ಬರೆದ ಒದ್ದೆ ವೈಪ್ಸ್ ಕೂಡ ಬೇಡ. ಅವು ಪೇಪರಿನ ಹಾಗೆ ಬೇಗ ಬಿಡಿಯಾಗದೆ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ, ಆಮೇಲೆ ಬಂದ ಕೂದಲೂ ಜಿಡ್ಡೂ ಅದಕ್ಕೇ ಸುತ್ತಿಕೊಂಡು ಗಟ್ಟಿಯಾಗುತ್ತದೆ. ಹಳೆಯ ಮಾತ್ರೆ, ಔಷಧಿ, ಪೇಂಟ್, ಥಿನ್ನರ್ ಸುರಿಯಬೇಡಿ. ಅಡುಗೆಮನೆಯ ಎಣ್ಣೆ ಬಿಸಿಯಿದ್ದಾಗ ನೀರಿನಂತೆ ಹರಿದುಹೋದರೂ ಪೈಪಿನಲ್ಲಿ ತಣ್ಣಗಾದ ಮೇಲೆ ಒಳಗೋಡೆಗೆ ಅಂಟಿಕೊಳ್ಳುತ್ತದೆ; ಪಾತ್ರೆಯ ಜಿಡ್ಡನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ, ಸಿಂಕಿಗೆ ಜಾಲರಿ ಹಾಕಿ.

ನೀರಿನ ಲೆಕ್ಕವೂ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ಒಮ್ಮೆಗೇ ಬಹಳ ನೀರು ನುಗ್ಗಿದರೆ ಕೂತ ಕೆಸರು ಕದಡಿ ಹೊರಗೆ ಹೋಗುತ್ತದೆ. ವಾರದ ಬಟ್ಟೆಯನ್ನೆಲ್ಲ ಒಂದೇ ದಿನ ಮೆಷಿನ್ನಿಗೆ ಹಾಕುವ ಬದಲು ಎರಡು ಮೂರು ದಿನಕ್ಕೆ ಹಂಚಿ. ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿದ್ದರೆ ದಿನಕ್ಕೆ ನೂರಾರು ಲೀಟರ್ ಸುಮ್ಮನೆ ಹೋಗುತ್ತದೆ. ಅದರೊಳಗೆ ಸ್ವಲ್ಪ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರಿಕೆಯಿದೆ. ತಾರಸಿಯ ಮಳೆನೀರಿನ ಪೈಪನ್ನು ಟ್ಯಾಂಕಿಗೆ ಸೇರಿಸಿದ್ದರೆ ಇವತ್ತೇ ಬಿಡಿಸಿ. ಇಂಗುಗುಂಡಿಯ ಮೇಲೆ ವಾಹನ ನಿಲ್ಲಿಸಬಾರದು, ಹತ್ತಿರ ದೊಡ್ಡ ಮರ ಬೆಳೆಸಬಾರದು, ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಬಾರದು.

ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು? ಸಾಮಾನ್ಯವಾಗಿ 2ರಿಂದ 5 ವರ್ಷ, ಟ್ಯಾಂಕಿನ ಗಾತ್ರ ಮತ್ತು ಜನರ ಸಂಖ್ಯೆ ನೋಡಿಕೊಂಡು. ವರ್ಷದ ಲೆಕ್ಕಕ್ಕಿಂತ ಕೆಸರಿನ ಲೆಕ್ಕ ನಂಬಿಕಸ್ತ: ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ನಿಧಾನವಾಗಿ ಇಳಿಸಿ, ಕೆಲವು ನಿಮಿಷ ಬಿಟ್ಟು ಎತ್ತಿದರೆ ಕೆಸರು ಎಲ್ಲಿಯವರೆಗಿದೆ ಎಂದು ಕಪ್ಪು ಗುರುತು ಹೇಳುತ್ತದೆ. ನೀರಿನ ಆಳದ ಮೂರನೇ ಒಂದು ಭಾಗ ಕೆಸರಿದ್ದರೆ ಕಾಯಬೇಡಿ. ಟ್ಯಾಂಕಿಗೆ ಎರಡು ಕೋಣೆಗಳಿದ್ದರೆ ಎರಡನ್ನೂ ಖಾಲಿ ಮಾಡಿಸಿ, ಮೇಲಿನ ನೀರನ್ನಷ್ಟೇ ಎಳೆದು ತಳದ ಕೆಸರು ಬಿಟ್ಟುಹೋದರೆ ದುಡ್ಡು ದಂಡ. ಹೊರಬಾಯಿಯಲ್ಲಿ ಟೀ ಪೈಪ್ (T ಆಕಾರದ, ಕೆಳತುದಿ ನೀರಿನೊಳಗೆ ಇಳಿದಿರುವ ಪೈಪ್) ಇದೆಯೇ, ಮುರಿದು ಬಿದ್ದಿದೆಯೇ ಎಂದು ಆಗಲೇ ನೋಡಿಸಿ. ಜಿಡ್ಡು ಹೊರಗೆ ಹೋಗದಂತೆ ತಡೆಯುವುದು ಅದೇ. ಅದಿಲ್ಲದ ಟ್ಯಾಂಕಿನಲ್ಲಿ ನೀವು ಎಷ್ಟು ಎಚ್ಚರವಾಗಿದ್ದರೂ ಗುಂಡಿ ಹಾಳಾಗುತ್ತದೆ.

ಒಂದು ಮಾತನ್ನು ಬೇಡಿಕೊಂಡು ಹೇಳುತ್ತೇನೆ. ಖಾಲಿಯಾದ ಟ್ಯಾಂಕಿಗೂ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ, ತಲೆ ಒಳಗೆ ಹಾಕಿ ಬಗ್ಗಿ ನೋಡಲೂ ಬೇಡಿ. ಒಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಇರುತ್ತವೆ, ಆಮ್ಲಜನಕ ಸಾಕಷ್ಟು ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ಆದ್ದರಿಂದ ವಾಸನೆಯಿಲ್ಲ ಎಂಬುದು ಧೈರ್ಯಕ್ಕೆ ಕಾರಣವಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಕೆಲಸ ಪಂಪಿನಿಂದ, ಪೈಪಿನಿಂದ, ಮೇಲೆ ನಿಂತೇ ಆಗಬೇಕು. ಬೀಡಿ, ಬೆಂಕಿ ಹತ್ತಿರ ಬೇಡ. ಒಡೆದ ಮುಚ್ಚಳವಿದ್ದರೆ ಬದಲಿಸುವವರೆಗೆ ಮಕ್ಕಳು ಅತ್ತ ಸುಳಿಯದಂತೆ ಅಡ್ಡ ಕಟ್ಟಿ.

ನಿಮ್ಮ ವಿಷಯಕ್ಕೆ ಬರುವುದಾದರೆ, ಮೊದಲು ಮನೆಯಲ್ಲಿ ಒಂದೇ ಕಮೋಡ್ ನಿಧಾನವೋ ಅಥವಾ ಕೆಳಮಹಡಿಯ ಎಲ್ಲ ಬಚ್ಚಲುಗಳೂ ನಿಧಾನವೋ ನೋಡಿ. ಒಂದೇ ಆದರೆ ಅದರ ಪೈಪಿನಲ್ಲಿ ಏನೋ ಸಿಕ್ಕಿದೆ, ಪ್ಲಂಬರ್ ಸ್ಪ್ರಿಂಗ್ ಹಾಕಿ ತೆಗೆಯುತ್ತಾರೆ. ಎಲ್ಲವೂ ಆದರೆ ಮೊದಲು ಟ್ಯಾಂಕಿಗೆ ಹೋಗುವ ಮುಖ್ಯ ಪೈಪಿನ ಚೇಂಬರ್ (ಪೈಪನ್ನು ನೋಡಲು ಇಟ್ಟ ಮುಚ್ಚಳದ ಗುಂಡಿ) ತೆರೆಸಿ. ಚೇಂಬರಿನಲ್ಲಿ ನೀರು ನಿಂತಿದ್ದು ಟ್ಯಾಂಕಿನ ಮಟ್ಟ ಸರಿಯಿದ್ದರೆ ಬ್ಲಾಕ್ ಇರುವುದು ಆ ಎರಡರ ನಡುವೆ. ಟ್ಯಾಂಕಿನಲ್ಲೂ ಹೊರಬಾಯಿ ಮುಳುಗಿದ್ದರೆ ಇಂಗುಗುಂಡಿಗೆ ಹೋಗುವ ಪೈಪನ್ನು ತೆರೆಸಿ, ಅದು ಸರಿಯಿದ್ದರೆ ಗುಂಡಿಯ ನೀರಿನ ಮಟ್ಟ ನೋಡಿಸಿ. ಮಟ್ಟ ಎಲ್ಲಿತ್ತು ಎಂದು ಇಲ್ಲಿ ಬರೆಯಿರಿ, ಟ್ಯಾಂಕಿನ ಅಳತೆ ಮತ್ತು ಮನೆಯಲ್ಲಿ ಎಷ್ಟು ಜನ ಎಂಬುದನ್ನೂ ಸೇರಿಸಿ. ಗುಂಡಿಯನ್ನು ಉಳಿಸಿಕೊಳ್ಳಬಹುದೇ ಎಂದು ಆಗ ಹೇಳಬಲ್ಲೆ.