ಕೊಡಗಿನ ರಸ್ತೆಗೆ ಹೈಬ್ರಿಡ್ ಕಾರು ಸರಿಹೋಗುತ್ತಾ? ಮೈಲೇಜ್ ಹೇಗೆ?

ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರ್, ಬ್ಯಾಟರಿಯೂ ಇರುವ ಕಾರು; ಕೊಡಗಿಗೆ ಸರಿಹೋಗುತ್ತದೆ. ಆದರೆ ಕಂಪನಿ ಹೇಳುವ ಮೈಲೇಜ್ ನಂಬಿ ಕೂರಬೇಡಿ. ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ (ಬರೀ ಮೋಟಾರಿನಿಂದಲೂ ಓಡಬಲ್ಲ ಮಾದರಿ) ಲೀಟರಿಗೆ 27.97 ಕಿ.ಮೀ. ಅಂತಾರೆ. ಅದು ಲ್ಯಾಬಿನ ಲೆಕ್ಕ, ಅಲ್ಲಿ ಸಂಪಾಜೆ ಘಾಟಿ ಇರಲ್ಲ ಅಲ್ವಾ!

ಘಾಟಿ ಹತ್ತುವಾಗ ಎಂಜಿನ್ ಜೋರಾಗಿ ಕೂಗುತ್ತಾ ಪೆಟ್ರೋಲ್ ಕುಡಿಯುತ್ತದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ಚಾರ್ಜ್ ಮಾಡುತ್ತದೆ. ಆದರೆ ಬ್ಯಾಟರಿ ಚಿಕ್ಕದು. ಮಡಿಕೇರಿಯಿಂದ ಹೊರಟರೆ ಸಂಪಾಜೆ ತಲುಪುವ ಮೊದಲೇ ತುಂಬಿಬಿಡುತ್ತದೆ, ಆಮೇಲಿನ ಇಳಿಜಾರು ಸುಮ್ನೆ ವೇಸ್ಟ್. ಆಗ ಗೇರ್ ಲಿವರ್ 'ಬಿ'ಗೆ (ಇಳಿಜಾರಿಗೆಂದೇ ಇರುವ ಬ್ರೇಕಿಂಗ್ ಮೋಡ್) ಹಾಕಿ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಜಾಸ್ತಿ ಬಿಸಿಯಾಗಲ್ಲ.

ನಿಜವಾದ ಉಳಿತಾಯ ವಾರಾಂತ್ಯದ ಮಡಿಕೇರಿ ಟ್ರಾಫಿಕ್‌ನಲ್ಲಿ. ರಾಜಾಸೀಟ್ ಕಡೆ ತೆವಳುವಾಗ ಎಂಜಿನ್ ಆಗಾಗ ಆಫ್ ಆಗಿ ಬ್ಯಾಟರಿಯಲ್ಲೇ ಸಾಗುತ್ತದೆ. ಈ ಗಾಡಿಯಲ್ಲಿ ಬ್ಯಾಟರಿ ಹಿಂದೆ ಇರುವುದರಿಂದ ಡಿಕ್ಕಿ ಚಿಕ್ಕದು. ಕಾಫಿ ಮೂಟೆಗೆ ತೋಟದ ಜೀಪೇ ಗತಿ.