ಕೋಚಬಾಂಬಾಕ್ಕೆ ಹೊರಟಿರುವ ಫಾದರ್‌ಗೆ

ಫಾದರ್, ಮಂಗಳೂರಿನಿಂದ ಬೊಲಿವಿಯಾದ ಕೋಚಬಾಂಬಾಕ್ಕೆ ನಿಮ್ಮನ್ನು ನೇಮಿಸಿದ್ದಾರೆ ಎಂದು ಬರೆದಿದ್ದೀರಿ. ಇಂಗ್ಲಿಷ್ ಬಂದರೆ ಸ್ಪ್ಯಾನಿಷ್ ಬೇಗ ಬರುತ್ತದೆಯೇ, ಊಟ ಒಗ್ಗುತ್ತದೆಯೇ, ಹಳ್ಳಿಯವರು ಹೊರಗಿನವರನ್ನು ಹತ್ತಿರ ಸೇರಿಸುತ್ತಾರೆಯೇ ಎಂದು ಕೇಳಿದ್ದೀರಿ. ಭಾಷೆಯ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಉಳಿದೆರಡೂ ಅದರ ಬೆನ್ನಿಗೇ ಬರುತ್ತವೆ.

ಅದಕ್ಕೂ ಮುಂಚೆ ಕಾಗದಪತ್ರ. ಜನನ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರ, ಪದವಿಪತ್ರ ಮೂರಕ್ಕೂ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಎಂದು ಹೊರದೇಶಕ್ಕೆ ಖಾತ್ರಿಪಡಿಸುವ ಅಂತರರಾಷ್ಟ್ರೀಯ ಒಪ್ಪಂದದ ಸರ್ಕಾರಿ ಮುದ್ರೆ, ಊರಲ್ಲೇ ಹಾಕಿಸಿ. ಭಾರತ 2005ರಿಂದ, ಬೊಲಿವಿಯಾ 2018ರಿಂದ ಆ ಒಪ್ಪಂದದಲ್ಲಿವೆ. ಮುದ್ರೆ ಇಲ್ಲದೆ ಬಂದರೆ ಕಾಗದ ವಾಪಸ್ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಡಿಸೋಜ ಎಂಬುದು ಒಂದು ಕಾಗದದಲ್ಲಿ ಮೇಲುಚಿಹ್ನೆಯೊಂದಿಗೆ, ಇನ್ನೊಂದರಲ್ಲಿ ಕೂಡಿಸಿ, ಮತ್ತೊಂದರಲ್ಲಿ ಬಿಡಿಸಿ ಬರೆದಿರುತ್ತದೆ. ಇಲ್ಲಿನ ಗುಮಾಸ್ತರಿಗೆ ಅದು ಮೂರು ಮಂದಿಯ ಹೆಸರು. ಜೊತೆಗೆ ಪ್ರತಿ ಅರ್ಜಿಯೂ ತಂದೆಯ ಕಡೆಯ ಮನೆತನದ ಹೆಸರು ಒಂದು, ತಾಯಿಯ ಕಡೆಯದು ಒಂದು ಕೇಳುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಲ್ಲ ಕಡೆ ಸರಿಮಾಡಿಸಿಕೊಂಡೇ ಹೊರಡಿ. ಹಳದಿ ಜ್ವರದ ಚುಚ್ಚುಮದ್ದನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವಾದ ಹಳದಿ ಪುಸ್ತಕ ಕಳೆದುಕೊಂಡರೆ ರಜೆಗೆ ಊರಿಗೆ ಬರುವಾಗ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಈಗ ಭಾಷೆ. ದಯವಿಟ್ಟು ಇಂಗ್ಲಿಷಿನ ಮೂಲಕ ಕಲಿಯಬೇಡಿ. ಸ್ಪ್ಯಾನಿಷಿನ ತ, ದ ಎರಡೂ ನಮ್ಮ ತ, ದಗಳೇ. ಇಂಗ್ಲಿಷ್ ಕಲಿತ ನಾಲಿಗೆ ಅವನ್ನು ಟ, ಡ ಮಾಡುತ್ತದೆ. 'ಮೆ ಗುಸ್ತಾ' ಎಂದರೆ ನೇರವಾಗಿ 'ನನಗೆ ಇಷ್ಟ'. 'ಮೆ ದುಎಲೆ ಲಾ ಕಬೇಸಾ' ಅಂದರೆ 'ನನಗೆ ತಲೆ ನೋಯುತ್ತದೆ'. 'ಮೆ ಫಾಲ್ತಾ ತಿಯೆಂಪೊ' ಅಂದರೆ 'ನನಗೆ ಸಮಯ ಸಾಲದು'. 'ನಾನು' ಎಂದು ಶುರುಮಾಡುವ ಇಂಗ್ಲಿಷಿನವರು ಇಲ್ಲೇ ವರ್ಷಗಟ್ಟಲೆ ಎಡವುತ್ತಾರೆ. ಉಸ್ತೆದ್, ತೂ ಎಂದರೆ ನೀವು, ನೀನು. ಪಾದ್ರಿ, ಇಗರ್ಜಿ, ಚಾವಿ, ಅಲಮಾರು ಪೋರ್ಚುಗೀಸರು ಬಿಟ್ಟುಹೋದ ಮಾತುಗಳು. ಇಲ್ಲಿ ಪಾದ್ರೆ, ಇಗ್ಲೇಸಿಯಾ, ಲ್ಯಾವೆ, ಅರ್ಮಾರಿಯೊ.

ನಮ್ಮವರ ತಪ್ಪುಗಳೂ ಇವೆ. ವ್ಯಂಜನದಲ್ಲಿ ಮುಗಿಯುವ ಮಾತಿಗೆ ಉಕಾರ ಸೇರಿಸುವುದು ನಮ್ಮ ರೂಢಿ: ಪಾನ್ (ರೊಟ್ಟಿ) ಹೋಗಿ ಪಾನು. ಸ್ಪ್ಯಾನಿಷಿನಲ್ಲಿ ಕೊನೆಯ ಸ್ವರ ಲಿಂಗವನ್ನೂ ಕಾಲವನ್ನೂ ಹೇಳುವುದರಿಂದ ಕೇಳುವವರು ಗೊಂದಲಕ್ಕೆ ಬೀಳುತ್ತಾರೆ. ಇನ್ನೊಂದು, ಒತ್ತು. ಕನ್ನಡದಲ್ಲಿ ಎಲ್ಲಿ ಒತ್ತಿದರೂ ಅರ್ಥ ಕೆಡದು. ಇಲ್ಲಿ ಮೊದಲಕ್ಷರ ಒತ್ತಿ 'ಲಾ ಪಾಪ' ಎಂದರೆ ಬಟಾಟೆ, 'ಎಲ್ ಪಾಪ' ಎಂದರೆ ಜಗದ್ಗುರು ಪೋಪ್, ಕೊನೆಯಲ್ಲಿ ಒತ್ತಿ 'ಪಪಾ' ಎಂದರೆ ಅಪ್ಪ. ಬಲಿಪೂಜೆಯಲ್ಲಿ ಪೋಪ್‌ಗಾಗಿ ಪ್ರಾರ್ಥಿಸುವಾಗ ಇದು ಕೈಕೊಡಬಾರದು. ಪ್ರತಿ ನಾಮಪದವನ್ನೂ ಎಲ್ ಅಥವಾ ಲಾ ಸೇರಿಸಿಯೇ ಬಾಯಿಪಾಠ ಮಾಡಿ.

ಪಠ್ಯಪುಸ್ತಕ ಕಲಿಸದ ಸ್ಪ್ಯಾನಿಷ್ ಹಳ್ಳಿಯಲ್ಲಿದೆ. ಈ ಕಣಿವೆಯ ಜನರ ಮನೆಮಾತು ಕೆಚುವಾ, ಅದರ ಎರಕ ಅವರ ಸ್ಪ್ಯಾನಿಷಿನಲ್ಲೂ ಇದೆ. ಸಾರು ಬಾಯಿಗಿಟ್ಟು 'ರೀಕೊ ಅಬಿಯಾ ಸಿದೊ' ಎಂದರೆ ಪುಸ್ತಕದ ಪ್ರಕಾರ 'ರುಚಿಯಾಗಿತ್ತು'. ಅವರ ಅರ್ಥ 'ಓ, ರುಚಿಯಾಗಿದೆಯಲ್ಲ!' ಯಾರಾದರೂ ಏನಾದರೂ ಹೇಳಿದ್ದನ್ನು ತಿಳಿಸುವಾಗ ಮಾತಿನ ಕೊನೆಗೆ 'ದಿಸಿಯೆಂದೊ' ಹಚ್ಚುತ್ತಾರೆ. ಅದು ಕೆಚುವಾದ 'ನಿಸ್ಪಾ', ನಮ್ಮ 'ಅಂತ'. ಕೆಚುವಾ ಕಲಿಯಲು ನಿಮಗೆ ಯುರೋಪಿನವರಿಗಿಂತ ಸುಲಭ. ವಾಸಿ ಎಂದರೆ ಮನೆ; ವಾಸಿಪಿ ಮನೆಯಲ್ಲಿ, ವಾಸಿಮಾನ್ ಮನೆಗೆ, ವಾಸಿಮಾಂತಾ ಮನೆಯಿಂದ. ಕ್ರಿಯಾಪದ ಕೊನೆಗೆ. ತುಳುವಿನಲ್ಲಿ 'ನಮ' ಬೇರೆ, 'ಎಂಕುಲು' ಬೇರೆ ಇದ್ದಂತೆ ಕೆಚುವಾದಲ್ಲೂ ಕೇಳುವವರನ್ನು ಸೇರಿಸಿಕೊಂಡ ನಾವು 'ನ್ಯೊಕಾಂಚಿಕ್', ಬಿಟ್ಟ ನಾವು 'ನ್ಯೊಕಾಯ್ಕು'. ದೇವರಿಗೆ 'ನಮ್ಮ ತಂದೆ' ಎನ್ನುವಾಗ ಬಿಟ್ಟ ರೂಪ, ಏಕೆಂದರೆ ದೇವರು ಆ 'ನಾವು' ಒಳಗಿಲ್ಲ. ಪ್ರವಚನದಲ್ಲಿ ಜನರನ್ನು ಕುರಿತು ಅದೇ ರೂಪ ಬಳಸಿದರೆ ಅವರನ್ನು ಹೊರಗಿಟ್ಟು ಮಾತಾಡಿದಂತಾಗುತ್ತದೆ. ತುಳು ಬಲ್ಲವರಾದರೆ ಈ ಸೂಕ್ಷ್ಮ ನಿಮ್ಮ ಕಿವಿಗೆ ತಾನಾಗಿ ದಕ್ಕುತ್ತದೆ, ಅದು ದೊಡ್ಡ ಭಾಗ್ಯ.

ಕ್ರಮ ಹೀಗಿರಲಿ. ಮೊದಲ ಮೂರು ತಿಂಗಳು ಪ್ರವಚನ ಒಂದೇ ಪುಟ, ಸುಮಾರು 200 ಪದ. ಗುರುವಾರಕ್ಕೆ ಬರೆದು ಸ್ಥಳೀಯ ಕತೆಕಿಸ್ತಾ ಅಂದರೆ ಧರ್ಮೋಪದೇಶಕರಿಂದ ತಿದ್ದಿಸಿ, ಶನಿವಾರದವರೆಗೆ ಗಟ್ಟಿಯಾಗಿ ಓದಿ. ಪಾಪನಿವೇದನೆ ಕೇಳಲು ಅವಸರ ಬೇಡ. ಜನ ಪಿಸುಗುಟ್ಟುತ್ತಾರೆ, ಅಳುತ್ತಾರೆ, ನಡುವೆ ಕೆಚುವಾಕ್ಕೆ ಜಾರುತ್ತಾರೆ, ಮತ್ತೆ ಹೇಳಿ ಎನ್ನಲು ಬರುವುದಿಲ್ಲ. ಫೋನಿನಲ್ಲಿ ಆಡಿದ್ದು ಪೂರ್ತಿ ಅರ್ಥವಾಗುವ ದಿನ ಕುಳಿತುಕೊಳ್ಳಿ.

ಕೋಚಬಾಂಬಾ ಸುಮಾರು 2,560 ಮೀಟರ್ ಎತ್ತರ. ನೀರು 91–92 ಡಿಗ್ರಿಗೇ ಕುದಿಯುವುದರಿಂದ ಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯದು. ಕುಕ್ಕರ್ ಇಲ್ಲೇ ಕೊಳ್ಳಿ, ಊರಿನ ಕುಕ್ಕರಿಗೆ ಹೊಂದುವ ಗ್ಯಾಸ್ಕೆಟ್ ಸಿಗುವುದಿಲ್ಲ. ವಿಮಾನ ಆರಿಸುವಾಗ 4,000 ಮೀಟರಿಗೂ ಮೇಲಿರುವ ಎಲ್ ಆಲ್ಟೊ ಬಿಟ್ಟು ತಗ್ಗಿನ ಸಾಂತಾ ಕ್ರೂಸ್ ಮೂಲಕ ಬಂದರೆ ತಲೆನೋವು, ವಾಂತಿಯ ಕಾಟ ಕಡಿಮೆ. ಸ್ನಾನದ ಮನೆಯಲ್ಲಿ ನೀರು ಕಾಯಿಸುವ ವಿದ್ಯುತ್ ಶವರ್ ಇರುತ್ತದೆ. ಅರ್ಥಿಂಗ್ ತಂತಿ ಜೋಡಿಸಿದೆಯೇ ನೋಡಿಸಿ, ನೀರು ಹರಿಯುವಾಗ ಶವರನ್ನು ಮುಟ್ಟಬೇಡಿ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ.

ಮಧ್ಯಾಹ್ನದ್ದೇ ದೊಡ್ಡ ಊಟ: ಮೊದಲು ಸೂಪು, ಆಮೇಲೆ ಅನ್ನ, ಬಟಾಟೆ, ಮಾಂಸ. ನೆಲಗಡಲೆಯ ಸೂಪು ಬೇಗ ಒಗ್ಗುತ್ತದೆ. ಹಿಮದಲ್ಲಿ ಹೆಪ್ಪುಗಟ್ಟಿಸಿ, ತುಳಿದು, ಒಣಗಿಸಿದ ಕಪ್ಪು ಬಟಾಟೆ ಚುನ್ಯೊಗೆ ಸ್ವಲ್ಪ ಕಾಲ ಬೇಕು. ಟೊಮೆಟೊ, ಲೊಕೋತೊ ಮೆಣಸು ಕಲ್ಲಿನಲ್ಲಿ ಅರೆದ ಲ್ಯಾಹ್ವಾ ನಮ್ಮ ಚಟ್ನಿಯ ಜಾಗದಲ್ಲಿ ನಿಲ್ಲುತ್ತದೆ. ಸಂತೆಯಲ್ಲಿ ತರಕಾರಿಯವರನ್ನು 'ಕಸೇರಿತಾ' ಎಂದು ಕರೆದು 'ಯಾಪಾ' ಕೇಳಿ. ಅದು ನಮ್ಮ ಕೊಸರು. ಒಬ್ಬರ ಬಳಿಯೇ ಕೊಳ್ಳುತ್ತಾ ಬಂದರೆ ಎರಡನೇ ತಿಂಗಳಿಗೆ ಅವರೇ ನಿಮ್ಮ ವ್ಯಾಕರಣ ತಿದ್ದುತ್ತಾರೆ.

ಜನ ಹತ್ತಿರ ಸೇರಿಸುತ್ತಾರೆ, ಮರ್ಯಾದೆ ತಪ್ಪಬಾರದು ಅಷ್ಟೆ. ಅಂಗಡಿಗೆ ಕಾಲಿಡುವಾಗ 'ಬುಎನೋಸ್ ದಿಯಾಸ್' ಮೊದಲು, ಸಾಮಾನಿನ ಮಾತು ಆಮೇಲೆ. ಹಿರಿಯರಿಗೆ, ಪೊಲ್ಯೇರಾ ಎಂಬ ನೆರಿಗೆಯ ಲಂಗ ತೊಟ್ಟ ಹೆಂಗಸರಿಗೆ ಯಾವಾಗಲೂ ಉಸ್ತೆದ್. ಸೋರೆಬುರುಡೆಯಲ್ಲಿ ಚಿಚಾ ಎಂಬ ಮೆಕ್ಕೆಜೋಳದ ಮದ್ಯ ಕೊಟ್ಟರೆ ಕುಡಿಯುವ ಮುನ್ನ ನಾಲ್ಕು ಹನಿ ನೆಲಕ್ಕೆ ಚೆಲ್ಲುತ್ತಾರೆ, ಅದು ಪಾಚಮಾಮಾ ಎಂಬ ಭೂತಾಯಿಗೆ. ಕೃಷಿಕರ ಮನೆಯಿಂದ ಬಂದವರಿಗೆ ಆ ಭಾವ ಅರ್ಥವಾಗದೆ ಇರದು. ಮೊದಲ ವರ್ಷ ನೋಡಿ, ಕೇಳಿ, ತೀರ್ಪು ಕೊಡಬೇಡಿ. ಪದ್ರೀನೊ, ಅಂದರೆ ಜ್ಞಾನಸ್ನಾನಕ್ಕೋ ಸಮಾರಂಭಕ್ಕೋ ಹೊಣೆ ಹೊರುವ ಧರ್ಮಪಿತ, ಆಗಿ ಎಂದು ಮನೆಮನೆಯವರೂ ಕೇಳುತ್ತಾರೆ, ಮದುವೆಯ ಕೇಕಿಗೂ ಇಲ್ಲಿ ಪದ್ರೀನೊ ಬೇಕು. ಧರ್ಮಕೇಂದ್ರದ ಗುರು ಒಪ್ಪದಿರುವುದೇ ಒಳ್ಳೆಯದು. ಒಂದು ಮನೆಗೆ ಹೀಗೆ ಕೊಂಪಾದ್ರೆ, ಅಂದರೆ ಧರ್ಮಬಂಧು, ಆದರೆ ಮಿಕ್ಕವರು ಅಳೆಯತೊಡಗುತ್ತಾರೆ.

ಅಕ್ಟೋಬರಿನಲ್ಲಿ ತಲುಪುತ್ತೀರಿ ಎಂದಿದ್ದೀರಿ, ಹಾಗಾದರೆ ತೋದೋಸ್ ಸಾಂತೋಸ್, ಅಂದರೆ ಸಕಲ ಸಂತರ ಹಬ್ಬ, ಸಿಗುತ್ತದೆ. ನವೆಂಬರ್ 1ರ ನಡುಹಗಲಿಗೆ ಸತ್ತವರ ಆತ್ಮ ಮನೆಗೆ ಬಂದು ಮರುದಿನ ನಡುಹಗಲಿಗೆ ಹೊರಡುತ್ತದೆ ಎಂಬ ನಂಬಿಕೆ. ಮೇಜಿನ ಮೇಲೆ ಅವರಿಗೆ ಇಷ್ಟವಾದ ತಿನಿಸು, ಮಗುವಿನ ಆಕಾರದ ತಾಂತಾವಾವಾ ರೊಟ್ಟಿ ಇಟ್ಟಿರುತ್ತಾರೆ. ಬಂದು ಪ್ರಾರ್ಥಿಸಿದವರಿಗೆಲ್ಲ ಅದನ್ನು ಹಂಚುತ್ತಾರೆ. ಸತ್ತವರ ಹೆಸರು ಮೊದಲೇ ಕೇಳಿ ಬರೆದುಕೊಂಡು ಹೋಗಿ, ಹೆಸರು ಹಿಡಿದೇ ಪ್ರಾರ್ಥಿಸಿ. ರೊಟ್ಟಿ ಬೇಡ ಎನ್ನಬಾರದು, ಗಟ್ಟಿಯಾದ ಬಟ್ಟೆ ಚೀಲವೊಂದು ಜೊತೆಗಿರಲಿ.